ಒಳ್ಳೆಯ ಆಪರೇಟರ್, ಈಗ ದಿನಾ ರಿಜೆಕ್ಷನ್. ಕೌನ್ಸೆಲಿಂಗ್‌ಗೆ ಕಳಿಸಲಾ?

ಉದ್ಯಮಬಾಗ್_ಸೆಕೆಂಡ್‌ಶಿಫ್ಟ್:
ಬೆಳಗಾವಿಯ ಒಂದು ಮಷಿನ್ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ನನ್ನ ಕೈಕೆಳಗೆ ಒಬ್ಬ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಆಪರೇಟರ್ ಇದ್ದಾನೆ. ಹನ್ನೊಂದು ವರ್ಷದ ಕೈ. ಅವನು ಬೋರ್ ಮಾಡಿದ ಪಂಪ್ ಕೇಸಿಂಗ್‌ಗೆ ಗೇಜ್ ಹಾಕೋದೇ ಬೇಡ ಅಂತಿದ್ದೆವು. ಎರಡು ತಿಂಗಳಿಂದ ಅವನ ಮಷಿನ್ ಪಕ್ಕದ, ರಿಜೆಕ್ಟ್ ಆದ ಪೀಸ್ ಹಾಕುವ ಕೆಂಪು ಟ್ರೇ ತುಂಬುತ್ತಲೇ ಇದೆ. ಮೊನ್ನೆ ರಾತ್ರಿ ಆಫ್‌ಸೆಟ್‌ನಲ್ಲಿ (ಟೂಲ್‌ನ ಅಳತೆ ಸರಿಪಡಿಸಲು ಮಷಿನ್‌ಗೆ ಕೊಡುವ ಅಂಕಿ) ಮೈನಸ್ ಹಾಕುವಲ್ಲಿ ಪ್ಲಸ್ ಹಾಕಿ ಆರು ಪೀಸ್ ಹಾಳಾದವು. ಊಟದ ಡಬ್ಬಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಾನೆ. ಕೇಳಿದರೆ ‘ಏನಿಲ್ಲ ಸರ್’.

ಕಂಪನಿ ಫೋನ್ ಕೌನ್ಸೆಲಿಂಗ್ ಇಟ್ಟಿದೆ. ‘ಅಲ್ಲಿಗೆ ಕಳಿಸಿ, ರಿಪೋರ್ಟ್ ತರಿಸಿ’ ಅಂತ ಮ್ಯಾನೇಜರ್ ಹೇಳಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅವನು ಆಡಿದ ಮಾತು ನಾಳೆ ಅಪ್ರೈಸಲ್‌ಗೆ ಬಂದರೆ ಏನು ಗತಿ?

ಬಾಗಲಕೋಟೆ_ಎಚ್‌ಆರ್:
ರಿಪೋರ್ಟ್ ಬರೋದಿಲ್ಲ, ಬರಲೂಬಾರದು. ನಮ್ಮಲ್ಲಿ ಒಟ್ಟು ಎಷ್ಟು ಜನ ಫೋನ್ ಮಾಡಿದರು ಅನ್ನುವ ಅಂಕಿ ಮಾತ್ರ ಬರುತ್ತದೆ, ಹೆಸರಿರುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಕೂಡ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅಂತಲೇ ಹೇಳುತ್ತದೆ. ಇದನ್ನು ಮ್ಯಾನೇಜರ್‌ಗೆ ನೇರವಾಗಿ ಹೇಳಿ. ಇನ್ನೊಂದು, ಮೆಮೊ ಕೊಡುವ ದಿನವೇ ಕೌನ್ಸೆಲಿಂಗ್ ನಂಬರ್ ಕೊಡಬೇಡಿ. ಅದೂ ಒಂದು ಶಿಕ್ಷೆ ಅಂದುಕೊಳ್ಳುತ್ತಾರೆ.

ಮುಧೋಳ_ಲ್ಯಾಬ್:
ನಾನು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೇನೆ. ಒಂದು ಸೀಸನ್‌ನಲ್ಲಿ ನನಗೂ ಹೀಗೇ ಆಗಿತ್ತು, ಕಬ್ಬಿನ ರಸದ ಬ್ರಿಕ್ಸ್ (ಸಕ್ಕರೆ ಅಂಶದ ಅಳತೆ) ರೀಡಿಂಗ್ ನೋಡಿ ಪುಸ್ತಕದಲ್ಲಿ ಬರೆಯುವಷ್ಟರಲ್ಲಿ ಮರೆತೇಹೋಗುತ್ತಿತ್ತು, ಮತ್ತೆ ಹೋಗಿ ನೋಡುತ್ತಿದ್ದೆ, ಮತ್ತೆ ಮರೆಯುತ್ತಿದ್ದೆ. ಕಂಪನಿ ನಂಬರ್‌ಗೆ ಫೋನ್ ಮಾಡಿದರೆ ಆ ಕಡೆಯಿಂದ ಹಿಂದಿ. ಮನಸ್ಸಿನ ಮಾತು ಹಿಂದಿಯಲ್ಲಿ ಎಲ್ಲಿಂದ ಬರಬೇಕು? ಇಟ್ಟುಬಿಟ್ಟೆ. ಆಮೇಲೆ 14416ಕ್ಕೆ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು ‘ನಿದ್ದೆ ಹೇಗಿದೆ?’ ಅಂತ. ಕಾರ್ಖಾನೆಯ ಹಿಂದೆ ಬಗಾಸ್ ರಾಶಿ ಹತ್ತಿರ ನಿಂತು ಅತ್ತುಬಿಟ್ಟೆ. ಅವರ ಮಾತಿನ ಮೇಲೆಯೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದೆ. ಒಂದೇ ವಾರದಲ್ಲಿ ಸರಿಯಾಗಲಿಲ್ಲ, ತಿಂಗಳುಗಳೇ ಬೇಕಾದವು. ನಿಮ್ಮ ಮ್ಯಾನೇಜರ್ ಅವಸರ ಮಾಡದಿದ್ದರೆ ಸಾಕು.

ವಿಜಯಪುರ_ಆಪ್ತಸಮಾಲೋಚಕಿ:
ಕೌನ್ಸೆಲಿಂಗ್ ಅಂದರೆ ಹಾಳಾದ ಮಷಿನ್ ರಿಪೇರಿಗೆ ಕಳಿಸಿದಂತೆ ಅಲ್ಲ. ಒತ್ತಾಯದಿಂದ ಬಂದವರು ಗಡಿಯಾರ ನೋಡುತ್ತಾ ಕೂರುತ್ತಾರೆ. ಮೊದಲು ನೀವೇ ಮಾತಾಡಿ, ಶಾಪ್‌ನಲ್ಲಿ ಬೇಡ, ಹೊರಗೆ. ‘ನಿನಗೇನೋ ಆಗಿದೆ’ ಅನ್ನಬೇಡಿ. ಡಬ್ಬಿ ಹಾಗೇ ವಾಪಸ್ ಹೋಗುತ್ತಿರೋದನ್ನು ನೋಡಿದ್ದೀನಿ ಅನ್ನಿ. ಕಾರಣ ಶಿಫ್ಟ್‌ನಲ್ಲೇ ಇದ್ದರೆ ಯಾವ ಸಮಾಲೋಚಕರೂ ಅದನ್ನು ತೆಗೆಯಲಾರರು, ಅದು ನಿಮ್ಮ ಕೈಲಿದೆ.

ಉದ್ಯಮಬಾಗ್_ಸೆಕೆಂಡ್‌ಶಿಫ್ಟ್:
ನಿನ್ನೆ ಗೇಟ್ ಹೊರಗಿನ ಚಹಾದಂಗಡಿಯಲ್ಲಿ ಮಾತಾಡಿದೆ. ಡಬ್ಬಿ ವಿಷಯ ಎತ್ತಿದ ಕೂಡಲೇ ತಲೆ ತಗ್ಗಿಸಿದ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಅಂತೆ. ನೈಟ್ ಶಿಫ್ಟ್ ಮುಗಿಸಿ ನೇರ ಆಸ್ಪತ್ರೆಗೆ ಹೋಗಿ, ಮಧ್ಯಾಹ್ನದವರೆಗೆ ಅಲ್ಲೇ ಕೂತು, ಮತ್ತೆ ರಾತ್ರಿ ಕೆಲಸಕ್ಕೆ. ಎರಡು ತಿಂಗಳಿಂದ ನನಗೆ ಗೊತ್ತೇ ಇರಲಿಲ್ಲ. 14416 ಬರೆದುಕೊಟ್ಟೆ, ಜೇಬಿಗೆ ಹಾಕಿಕೊಂಡ. ಮಾಡುತ್ತಾನೋ ಬಿಡುತ್ತಾನೋ, ಕೇಳೋದಿಲ್ಲ. ರಿಪೋರ್ಟ್ ಬರೋದಿಲ್ಲ ಅಂತ ಮ್ಯಾನೇಜರ್‌ಗೂ ಹೇಳಿಯಾಯಿತು. ಸೋಮವಾರದಿಂದ ಅವನಿಗೆ ಸೆಕೆಂಡ್ ಶಿಫ್ಟ್.