40 ಅಡಿ ರಸ್ತೆ, ಐದು ಅಂತಸ್ತು: ಕ್ಯಾಮೆರಾ ಎಲ್ಲಿಡಬೇಕು?

ಶಿವಮೊಗ್ಗದಿಂದ ಪ್ರಶ್ನೆ: 55 ಅಡಿ ಎತ್ತರದ ಹೊಸ ವಸತಿಗೃಹವೊಂದರ ಚಿತ್ರ ತೆಗೆಯುವ ಕೆಲಸ ಬಂದಿದೆ. ಮುಂದಿನ ರಸ್ತೆ 40 ಅಡಿ ಅಗಲವಿದ್ದು, ನಡುವೆ ವಿದ್ಯುತ್ ತಂತಿಗಳಿವೆ. ಕ್ಯಾಮೆರಾದ ಮೂತಿಯನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ನನ್ನ ಬಳಿ ಫುಲ್ ಫ್ರೇಮ್ ಕ್ಯಾಮೆರಾ (36×24 ಎಂಎಂ ಸೆನ್ಸರಿನದು) ಮತ್ತು 24–70 ಎಂಎಂ ಜೂಮ್ ಲೆನ್ಸ್ ಇದೆ. ಅನುಭವವುಳ್ಳವರು ತಿಳಿಸಿ.

ಸಾಗರದ ಸ್ಟುಡಿಯೋದವರು: ಇಂಥ ಕೆಲಸಕ್ಕೆಂದೇ ನಾನು ಸೆಕೆಂಡ್ ಹ್ಯಾಂಡ್ 24 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ (ಕ್ಯಾಮೆರಾ ಅಲುಗದೆ ಲೆನ್ಸನ್ನಷ್ಟೇ ಓರೆ ಮಾಡಲು, ಸರಿಸಲು ಬರುವಂಥದ್ದು) ಕೊಂಡೆ. ಲೆನ್ಸಿಗೆ 85,000 ರೂಪಾಯಿ, ಗೇರ್ ತಲೆಯ ಟ್ರೈಪಾಡಿಗೆ 14,000, ಮೊದಲ ಮಳೆಗಾಲದಲ್ಲೇ ಒಳಗಾಜಿಗೆ ಬೂಷ್ಟು ಹಿಡಿದಾಗ ಬಿಚ್ಚಿ ತೊಳೆಸಲು 6,500, ಆಮೇಲೆ ತೇವ ತಡೆಯುವ ಕಪಾಟಿಗೆ 9,000. ಮಾರಿದ ಅಂಗಡಿಯವರು ಬೂಷ್ಟು ನಿಮ್ಮೂರಿನ ಹವೆಯದೆಂದು ಕೈ ತೊಳೆದುಕೊಂಡರು. ಆದರೂ ಕ್ಯಾಮೆರಾದ ಮೂತಿಯನ್ನು ಒಂದಿಷ್ಟೂ ಓರೆ ಮಾಡದೆ ಲೆನ್ಸನ್ನಷ್ಟೇ 12 ಎಂಎಂ ಮೇಲಕ್ಕೆ ಸರಿಸಿದರೆ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಆ ನೋಟವನ್ನು ಕಂಪ್ಯೂಟರಿನಲ್ಲಿ ಎಳೆದು ತರಲಾಗದು.

ತೀರ್ಥಹಳ್ಳಿಯವರು: ಒಂದು ಲಕ್ಷಕ್ಕೂ ಹೆಚ್ಚು ಸುರಿದವರು ಹಾಗೆ ಹೇಳಲೇಬೇಕಲ್ಲ! ನಾನು ಸುತ್ತಲೂ ಧಾರಾಳವಾಗಿ ಜಾಗ ಬಿಟ್ಟು ಚಿತ್ರ ತೆಗೆದು, ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮಿನಲ್ಲಿ ಕಂಬಗಳ ಮೇಲೆ ಗೆರೆ ಎಳೆದು ನೇರ ಮಾಡುತ್ತೇನೆ. ಈವರೆಗೆ ಯಾವ ಬಿಲ್ಡರೂ ಲೆನ್ಸ್ ಯಾವುದೆಂದು ಕೇಳಿಲ್ಲ; ಬಿಲ್ ಎಷ್ಟೆಂದು ಮಾತ್ರ ಕೇಳಿದ್ದಾರೆ.

ಸಾಗರದ ಸ್ಟುಡಿಯೋದವರು: ತಾವು ಮೊಬೈಲಿಗೆ ಚಿತ್ರ ಕೊಡುವವರಿರಬೇಕು. ವಾಲಿದ ಚಿತ್ರವನ್ನು ನೇರ ಮಾಡುವಾಗ ಮೇಲ್ಭಾಗವನ್ನೇ ಅತಿಯಾಗಿ ಹಿಗ್ಗಿಸಬೇಕಾಗುತ್ತದೆ. ಮಾಲೀಕರು ಬಯಸುವ ನಾಮಫಲಕ ಇರುವುದೂ ಅಲ್ಲೇ. ಫ್ಲೆಕ್ಸ್ ಮಾಡಿಸಿದ ದಿನ ಅಕ್ಷರಗಳು ಮಸುಕಾಗಿ ಕಂಡರೆ ಉತ್ತರ ಹೇಳುವವರು ಯಾರು?

ಕೊಪ್ಪದವರು: ಗೋಡೆ ನೆಟ್ಟಗಿರಲೇಬೇಕೆಂಬ ಹಟವೇ ನನಗೆ ಅರ್ಥವಾಗುವುದಿಲ್ಲ. ಶೃಂಗೇರಿಯ 127 ಅಡಿಯ ರಾಜಗೋಪುರವನ್ನು ನಾನು ಬುಡಕ್ಕೆ ಸರಿದು, ಓರೆಯಾಗಿ ಕೆಳಗಿನಿಂದಲೇ ತೆಗೆಯುತ್ತೇನೆ. ಗೋಪುರ ಮೇಲೇರಿದಂತೆ ತಾನಾಗಿಯೇ ಕಿರಿದಾಗುವುದರಿಂದ ಗೆರೆಗಳು ತುದಿಯತ್ತ ಕೂಡುವ ಓಟ ಇನ್ನಷ್ಟು ಬಿಗಿಯಾಗುತ್ತದೆ, ಎತ್ತರ ಮೈಮೇಲೆ ಬರುತ್ತದೆ. ಮೂಲೆಯಿಂದ ಎರಡು ಮುಖ ಕಾಣುವಂತೆ ನಿಂತು, ಒಂದು ಮುಖಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು ಬೀಳುವ ಹೊತ್ತಿಗೆ ಕಾದರೆ ಆಳವೂ ಸಿಗುತ್ತದೆ.

ತೀರ್ಥಹಳ್ಳಿಯವರು: ಕೇಳಿದ್ದು ಲಾಡ್ಜಿನ ಕುರಿತು, ದೇವಸ್ಥಾನದ ಕುರಿತಲ್ಲ. ಹಾಗೆ ತೆಗೆದುಕೊಟ್ಟ ಚಿತ್ರವನ್ನು ಕಟ್ಟಡ ಬೀಳುತ್ತಿದೆಯೆಂದು ನನಗೆ ಹಿಂದಿರುಗಿಸಿದ್ದಾರೆ. ಮುಂಗಡದ 3,000 ರೂಪಾಯಿಯನ್ನೂ ಮರಳಿ ಕೇಳಿದರು.

ಭದ್ರಾವತಿಯವರು: ಮೂವರೂ ಲೆಕ್ಕ ಮಾಡದೆ ಜಗಳವಾಡುತ್ತಿದ್ದೀರಿ. ಉದ್ದ ಬದಿ ಮೇಲೆ-ಕೆಳಗೆ ಬರುವಂತೆ ಕ್ಯಾಮೆರಾ ಹಿಡಿದರೆ ಫ್ರೇಮಿನ ಎತ್ತರ 36 ಎಂಎಂ. 24 ಎಂಎಂ ಲೆನ್ಸಿನೊಂದಿಗೆ ಕ್ಯಾಮೆರಾವನ್ನು ಸಮಮಟ್ಟದಲ್ಲಿಟ್ಟರೆ 40 ಅಡಿ ದೂರದಲ್ಲಿ ಅದರ ಮಟ್ಟದಿಂದ ಮೇಲೆ 30 ಅಡಿ, ಕೆಳಗೆ 30 ಅಡಿ ಕಾಣುತ್ತದೆ. ರಸ್ತೆಯಲ್ಲಿ ಐದಡಿ ಎತ್ತರಕ್ಕೆ ಹಿಡಿದರೆ 35 ಅಡಿಗೇ ಮುಗಿಯಿತು; 12 ಎಂಎಂ ಶಿಫ್ಟ್ ಸೇರಿದರೆ 55 ಅಡಿ. ಅಂದರೆ ಸಾಗರದವರ ಲೆನ್ಸಿನಲ್ಲಿಯೂ ಕಟ್ಟಡದ ತಲೆ ಫ್ರೇಮಿಗೆ ತಾಗುತ್ತದೆ, ಒಂದಂಗುಲ ಆಕಾಶವೂ ಸಿಗದು. ಎದುರು ಮನೆಯಲ್ಲಿ 25 ಅಡಿ ಎತ್ತರದ ಬಾಲ್ಕನಿಯಿಂದ ಸಾಮಾನ್ಯ ಲೆನ್ಸೂ ಅದೇ 55 ಅಡಿಯನ್ನು ಮುಟ್ಟುತ್ತದೆ. ಬಾಲ್ಕನಿ ರಸ್ತೆಯಂಚಿನಿಂದ ಐದಡಿ ಹಿಂದಿದ್ದರೆ ಸುಮಾರು 59 ಅಡಿ, ಹತ್ತಿರ ಹತ್ತಿರ ನಾಲ್ಕಡಿ ಆಕಾಶ. ತಂತಿಗಳು 20 ಅಡಿಯಲ್ಲಿದ್ದರೆ ಚಿತ್ರದ ಕೆಳಗಿನ ಅರ್ಧಕ್ಕೆ ಇಳಿಯುತ್ತವೆ, ಮೇಲಿನ ಅಂತಸ್ತುಗಳಿಗೆ ಅಡ್ಡ ಬರುವುದಿಲ್ಲ.

ಸಾಗರದ ಸ್ಟುಡಿಯೋದವರು: ಅದೇ ಬಾಲ್ಕನಿಯಲ್ಲಿ ನನ್ನ ಲೆನ್ಸನ್ನಿಟ್ಟರೆ 75 ಅಡಿಯವರೆಗೆ ಕಾಣುತ್ತದೆ ಎಂಬುದನ್ನು ಲೆಕ್ಕದಲ್ಲಿ ಏಕೆ ಬಿಟ್ಟಿರಿ?

ಕೊಪ್ಪದವರು: ಆಗ ಕಟ್ಟಡದ ನೆಲಮಹಡಿ ಚಿತ್ರದಿಂದ ಹೊರಗೆ ಹೋಗುತ್ತದೆ ಎಂಬುದನ್ನು ನೀವೇಕೆ ಬಿಟ್ಟಿರಿ, ಮಾರಾಯರೇ?

ಭದ್ರಾವತಿಯವರು: ಪೂರ್ತಿ ಸರಿಸಬೇಕೆಂದು ಹೇಳಿದವರು ಯಾರು? ಮೂರು ಎಂಎಂ ಸಾಕು. ಪ್ರಶ್ನೆ ಕೇಳಿದವರೇ, ಕಟ್ಟಡದ ಮುಖ ಉತ್ತರಕ್ಕಿದ್ದರೆ ಮಳೆ ಹಿಡಿಯುವ ಮುನ್ನ, ಏಪ್ರಿಲ್–ಮೇ ಬೆಳಗ್ಗೆಯೇ ಮುಗಿಸಿಕೊಳ್ಳಿ. ಆಗ ಸೂರ್ಯ ಪೂರ್ವಕ್ಕಿಂತ ತುಸು ಉತ್ತರಕ್ಕೆ ಹುಟ್ಟುವುದರಿಂದ ಗೋಡೆಗೆ ಓರೆ ಬಿಸಿಲು ಬೀಳುತ್ತದೆ. ಎದುರು ಮನೆಯವರ ಒಪ್ಪಿಗೆಯನ್ನು ಹಿಂದಿನ ದಿನವೇ ಪಡೆಯಿರಿ.