ಕುದುರೆಮಸಾಲೆ ಸೈಲೇಜ್‌ಗೆ ಏನ್ ಹಾಕ್ಬೇಕು ಅಂತ ಕೇಳಿದ್ಯಲ್ಲ ಪ್ರದೀಪಾ

ಪ್ರದೀಪಾ, ನಿನ್ ಮೆಸೇಜ್ ಈಗ ನೋಡ್ದೆ ಕಣೋ, ಹಾಲ್ ಕರೆದು ಡೈರಿಗೆ ಕಳ್ಸಿ ಬಂದು ಫೋನ್ ತೆಗೆದ್ರೆ ಗ್ರೂಪ್ ತುಂಬಾ ನಿಂದೇ. ನಂಗೆ ಟೈಪ್ ಮಾಡಕ್ ಆಗಲ್ಲ, ಮಾತಾಡ್ತೀನಿ, ಫೋನೇ ಬರ್ಕೊಳ್ಳತ್ತೆ, ಎಲ್ಲಾದ್ರೂ ತಪ್ಪಿದ್ರೆ ಹೊಂದಿಸ್ಕೊಂಡು ಓದಿ. ನೀನು, ಕುದುರೆಮಸಾಲೆ ಮೇವಿನ ಸೊಪ್ಪು ಕುಯ್ಯಕ್ಕೆ ಶುರು ಮಾಡಿದೀವಿ, ಅಲಸಂದೆನೂ ಬಂದಿದೆ, ಮಳೆ ಹಿಡ್ಕೊಳ್ಳೋ ಹಾಗಿದೆ, ಬ್ಯಾಗಲ್ಲಿ ಸೈಲೇಜ್, ಅಂದ್ರೆ ಗಾಳಿ ಆಡದ ಹಾಗೆ ಕಟ್ಟಿಟ್ಟು ಹುಳಿ ಬರಿಸೋ ಹಸಿ ಮೇವು, ತುಂಬಣ ಅಂತಿದೀನಿ, ಅಂಗಡಿಯವನು ಒಂದು ಕಲ್ಚರ್ ಪ್ಯಾಕೆಟ್ಟು ಒಂದು ಕ್ಯಾನ್ ಫಾರ್ಮಿಕ್ ಆಸಿಡ್ಡು ಕೊಟ್ಟಿದಾನೆ, ಪಕ್ಕದ ತೋಟದವರು ಯೂರಿಯಾ ಹಾಕು ಅಂತಾರೆ, ಯಾವುದು ಹಾಕಿದ್ರೆ ಹಸುಗೆ ತೊಂದ್ರೆ ಆಗಲ್ಲ, ಹಾಲು ಮಕ್ಕಳು ಕುಡಿಬೋದಾ ಅಂತ ಕೇಳಿದೀಯ. ತುಂಬೋಕೆ ಮುಂಚೆ ಕೇಳಿದ್ದು ಒಳ್ಳೇದಾಯ್ತು ಮಗನೇ. ಮೊದಲು ಒಂದೇ ಮಾತು ಹೇಳಿಬಿಡ್ತೀನಿ, ಯೂರಿಯಾ ಹಾಕ್ಬೇಡ. ಕುದುರೆಮಸಾಲೆಗೂ ಹಾಕ್ಬೇಡ, ಅಲಸಂದೆಗೂ ಹಾಕ್ಬೇಡ, ಯಾರು ಹೇಳಿದ್ರೂ ಹಾಕ್ಬೇಡ.

ಪಕ್ಕದ ತೋಟದವರು ಹೇಳೋದು ಜೋಳದ್ದು. ಮುಸುಕಿನ ಜೋಳದಲ್ಲಿ ಸಕ್ಕರೆ ಅಂಶ ಬೇಕಾದಷ್ಟಿರತ್ತೆ, ಪ್ರೋಟೀನ್ ಕಮ್ಮಿ, ಅದಕ್ಕೆ ಟನ್ನಿಗೆ 5 ಕೆಜಿ ಹಾಗೆ ಯೂರಿಯಾ ಹಾಕೋರಿದಾರೆ, ಒಣಹುಲ್ಲಿಗೂ 100 ಕೆಜಿಗೆ 4 ಕೆಜಿ ನೀರಲ್ಲಿ ಕರಗಿಸಿ ಚಿಮುಕಿಸಿ ಮುಚ್ಚಿಡ್ತಾರೆ, ಅದೆಲ್ಲಾ ಬೇರೆ ಲೆಕ್ಕ. ಕುದುರೆಮಸಾಲೆ, ಅಲಸಂದೆ ಥರ ಕಾಳು ಜಾತಿ ಸೊಪ್ಪು ಪೂರ್ತಿ ಉಲ್ಟಾ, ಪ್ರೋಟೀನ್ ತುಂಬಿದೆ, ಸಕ್ಕರೆ ಇಲ್ಲ, ಅದೂ ಅಲ್ದೆ ಆ ಸೊಪ್ಪಿಗೆ ಸುಲಭಕ್ಕೆ ಹುಳಿ ಹತ್ತಲ್ಲ. ಸೈಲೇಜ್ ಕೆಡದೆ ನಿಲ್ಲೋದೇ ಹುಳಿಯಿಂದ ಅಲ್ವಾ. ಅದರ ಮೇಲೆ ಯೂರಿಯಾ ಹಾಕಿದ್ರೆ ಅಮೋನಿಯಾ ಆಗಿ ಇರೋ ಚೂರುಪಾರು ಹುಳಿನೂ ತಿಂದ್ಹಾಕತ್ತೆ, ಆಮೇಲೆ ಮಣ್ಣಿಂದ ಬಂದ ಕೆಟ್ಟ ಬ್ಯಾಕ್ಟೀರಿಯಾಗೆ ಹಬ್ಬ.

ನಮ್ಮನೆ ಲಕ್ಷ್ಮಿ ಗೊತ್ತಲ್ಲ ನಿಮಗೆಲ್ಲ, ಆ ಹಣೆ ಮೇಲೆ ಬಿಳಿ ಚುಕ್ಕೆ ಇದ್ದ ಎಚ್‌ಎಫ್ ತಳಿ ಹಸು. ನಿಮ್ಮ ಶಿವಣ್ಣ ಚಿಕ್ಕಪ್ಪ ಆ ವರ್ಷ ಕೆರೆ ಕೆಳಗಿನ ಹೊಲದ್ದು ಕುದುರೆಮಸಾಲೆ ಅಷ್ಟೂ ಕುಯ್ಸಿ, ಹಸಿಹಸಿನೇ ಕಟರ್‌ಗೆ ಕೊಟ್ಟು ಗುಂಡಿಗೆ ತುಂಬ್ಸಿದ್ರು. ನಾನು ಬಾಡ್ಲಿ ತಡೀರಿ ಅಂದೆ, ಬೆಲ್ಲ ಹಾಕಣ ಅಂದೆ, ಕೇಳಲಿಲ್ಲ. ಹಿಂಡಿ ಬೂಸಾ ಮಾರೋ ಅಂಗಡಿಯವನು ಬೆಲ್ಲ ಯಾಕೆ ದಂಡ, ಯೂರಿಯಾ ಹಾಕಿ, ಪ್ರೋಟೀನ್ ಜಾಸ್ತಿ ಆಗತ್ತೆ, ಹಾಲು ಏರತ್ತೆ ಅಂದಿದ್ದ, ಅವನ ಮಾತೇ ಮಾತಾಯ್ತು. ಗೌರಿ ಹಬ್ಬಕ್ಕೆ ಮುಂಚೆ ಮುಚ್ಚಿದ್ದು, ದೀಪಾವಳಿ ಕಳೆದ್ಮೇಲೆ ತೆಗೆದ್ರು. ಟಾರ್ಪಾಲ್ ಎತ್ತಿದ ತಕ್ಷಣ ಬಂತು ನೋಡು ವಾಸನೆ, ಹಳಸಿದ ಬೆಣ್ಣೆ ವಾಸನೆ, ಜೊತೆಗೆ ಮೂಗಿಗೆ ಚುಚ್ಚೋ ಅಮೋನಿಯಾ. ಕೈ ಹಾಕಿದ್ರೆ ಸೊಪ್ಪು ಸೊಪ್ಪಾಗೇ ಇರ್ಲಿಲ್ಲ, ಎಲೆ ಎಲ್ಲಾ ಕರಗಿ ಕಪ್ಪು ಹಸಿರು ಲೋಳೆ, ಬೆರಳ ಸಂದಿಯಿಂದ ಜಾರೋದು. ಸೋಪ್ ಹಚ್ಚಿ ತೊಳೆದ್ರೂ ರಾತ್ರಿ ಊಟಕ್ಕೆ ಕೂತಾಗ ಕೈಯಲ್ಲಿ ಅದೇ ವಾಸನೆ, ಅನ್ನ ಇಳೀಲಿಲ್ಲ ನಂಗೆ. ಅಷ್ಟೊಂದು ಮೇವು ಎಸೆಯಕ್ಕೆ ಮನಸ್ಸು ಬರದೆ ಶಿವಣ್ಣ ಸ್ವಲ್ಪ ಸ್ವಲ್ಪ ಬೂಸಾ ಜೊತೆ ಕಲಸಿ ಹಾಕಿಬಿಟ್ರು, ಲಕ್ಷ್ಮಿ ಆಗಷ್ಟೇ ಈದಿದ್ಲು. ಕೆಲವೇ ದಿನಕ್ಕೆ ಮೇವು ಬಿಟ್ಲು, ಹಾಲು ಇಳೀತು, ಬಾಯಿಂದ ಒಂಥರಾ ಸಿಹಿ ವಾಸನೆ, ಎದ್ದು ನಿಲ್ಲಕ್ಕೆ ತ್ರಾಣ ಇಲ್ಲ. ಡಾಕ್ಟ್ರು ಬಂದು ಕೀಟೋಸಿಸ್, ಮೈಯಲ್ಲಿ ಸಕ್ಕರೆ ಅಂಶ ಕಮ್ಮಿಯಾಗಿ ಬರೋ ಕಾಯಿಲೆ ಅಂದ್ರು, ಗ್ಲೂಕೋಸ್ ಬಾಟ್ಲಿ ಏರಿಸಿದ್ರು. ಈ ಸೈಲೇಜಲ್ಲಿ ಹಳಸಿದ ಬೆಣ್ಣೆ ವಾಸನೆ ಬರಿಸೋ ಬ್ಯುಟಿರಿಕ್ ಆಸಿಡ್ ಜಾಸ್ತಿ ಆಗಿದೆ, ಹೊಸದಾಗಿ ಈದ ಹಸುಗೆ ಇದು ಆಗಿಬರಲ್ಲ ಅಂತ ಗುಂಡಿ ಹತ್ರ ನಿಂತೇ ಹೇಳಿದ್ರು. ಹಸು ಉಳೀತು, ಆದ್ರೆ ಆ ಸೂಲಿಗೆ ಹಾಲು ಮತ್ತೆ ಏರಲೇ ಇಲ್ಲ. ಅದಕ್ಕೇ ಹೇಳ್ತಿರೋದು, ಯೂರಿಯಾ ಹಾಕ್ಬೇಡ ಪ್ರದೀಪಾ, ಸುಮಾಗೂ ಹೇಳು, ಆಳು ರಂಗಪ್ಪಂಗೂ ಹೇಳು, ನೀನಿಲ್ಲದಾಗ ಯಾರೋ ಹೇಳಿದ್ರು ಅಂತ ಒಂದು ಬೊಗಸೆನೂ ಹಾಕೋದು ಬೇಡ.

ಆ ಅಂಗಡಿಯವನು ಒಂದಿನ ಬಂದು ಹೇಗಿದೆ ಹಸು ಅಂತ ಕೇಳಲಿಲ್ಲ. ಹೋಗ್ಲಿ ಅವನು ಹೊರಗಿನವನು. ನಮ್ಮವರೇ ಏನ್ ಕೇಳಿದ್ರು ಹೇಳಿ. ಆ ಕೆರೆ ಕೆಳಗಿನ ಹೊಲ, ವರ್ಷಕ್ಕೆ ಎಂಟು ಸಲ ಕುದುರೆಮಸಾಲೆ ಕುಯ್ತಿದ್ದ ಹೊಲ, 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರು ಆಗಿದ್ದೇ ತಡ ರೇಟ್ ಬಂತು ರೇಟ್ ಬಂತು ಅಂತ ಲೇಔಟ್‌ನವರಿಗೆ ಕೊಟ್ಟುಬಿಟ್ರಿ, ನಾನು ರಾಜಾನುಕುಂಟೆಲೇ ಇದ್ದೆ, ಸೈನ್ ಹಾಕೋ ದಿನ ಮಾತ್ರ ಕರೆದ್ರಿ. ಕೊಟ್ಟಿಗೆಲಿ ಅಷ್ಟು ಹಸು ಇತ್ತು, ಮೇವು ಎಲ್ಲಿಂದ ತರ್ತಾಳೆ ಇವಳು ಅಂತ ಒಬ್ಬರಾದ್ರೂ ಬಾಯಿ ಬಿಟ್ರಾ. ಈಗ ಅಲ್ಲಿ ಕಲ್ಲು ನೆಟ್ಟು ಪಾರ್ಥೇನಿಯಂ ಬೆಳೆದಿದೆ, ಮನೆನೂ ಕಟ್ಟಿಲ್ಲ ಪೂರ್ತಿ. ಹಬ್ಬ ಬಂದ್ರೆ ಮಾತ್ರ ದೊಡ್ಡಮ್ಮಂದು ತುಪ್ಪ ಬೇಕು ಎಲ್ಲರಿಗೂ, ತುಪ್ಪ ಹಸು ಮೇವು ತಿಂದ್ರೆ ತಾನೇ ಬರೋದು. ನೀನೊಬ್ಬ ಹೊಸಕೋಟೆ ಕಡೆ ಆ ತುಂಡು ಜಮೀನು ಇಟ್ಕೊಂಡು ಮತ್ತೆ ಹಸು ಕಟ್ಟಿದೀಯ ಅಂತ ನಂಗೆ ಎಷ್ಟು ಸಂತೋಷ ಗೊತ್ತಾ, ಅದಕ್ಕೇ ಹೊಟ್ಟೆ ಉರಿದು ಇಷ್ಟು ಹೇಳ್ತಿರೋದು.

ಅಯ್ಯೋ ನೀನು ಕೇಳಿದ್ದು ಏನ್ ಹಾಕ್ಬೇಕು ಅಂತ, ಅದನ್ನೇ ಬಿಟ್ಟೆ ನೋಡು. ಬೆಲ್ಲ ಹಾಕು. ಇಲ್ಲ ಸಕ್ಕರೆ ಫ್ಯಾಕ್ಟರಿ ಕಾಕಂಬಿ ಸಿಕ್ಕಿದ್ರೆ ಕಾಕಂಬಿ. 100 ಕೆಜಿ ಸೊಪ್ಪಿಗೆ 3 ಕೆಜಿ, ಅಷ್ಟೇ ನೀರಲ್ಲಿ ಕಲಸಿ ಪದರ ಪದರಕ್ಕೆ ಚಿಮುಕಿಸು, ಒಂದೇ ಕಡೆ ಸುರೀಬೇಡ. ಸಕ್ಕರೆ ಇಲ್ಲದ ಸೊಪ್ಪಿಗೆ ಸಕ್ಕರೆ ಕೊಡೋದು, ಇಷ್ಟೇ ವಿಷಯ. ಮುಸುಕಿನ ಜೋಳದ ಹಸಿ ಮೇವು ಇದ್ರೆ ಎರಡು ಪಾಲು ಅದು ಒಂದು ಪಾಲು ಸೊಪ್ಪು ಬೆರೆಸಿಬಿಡು, ಆಗ ಬೆಲ್ಲದ ಖರ್ಚೂ ಉಳಿಯತ್ತೆ.

ಕಲ್ಚರ್ ಪ್ಯಾಕೆಟ್ ಒಳ್ಳೇದೇ, ಅದು ಮೊಸರಿಗೆ ಹೆಪ್ಪು ಇದ್ದ ಹಾಗೆ, ಆದ್ರೆ ಸೊಪ್ಪು ತೊಯ್ದು ತೊಪ್ಪೆ ಆಗಿದ್ರೆ ಯಾವ ಹೆಪ್ಪೂ ಕಾಪಾಡಲ್ಲ. ಎಕ್ಸ್‌ಪೈರಿ ನೋಡು, ಅಂಗಡೀಲಿ ಬಿಸಿಲಿಗೆ ಇಟ್ಟಿದ್ನಾ ಕೇಳು, ಅದರೊಳಗಿರೋದು ಜೀವ ಇರೋ ಬ್ಯಾಕ್ಟೀರಿಯಾ, ಒಂದು ಗ್ರಾಂ ಸೊಪ್ಪಿಗೆ ಕಮ್ಮಿ ಅಂದ್ರೂ 1 ಲಕ್ಷ ಬೀಳಬೇಕಂತೆ. ಕಾವೇರಿ ನಲ್ಲಿ ನೀರಲ್ಲಿ ಕಲಸ್ಬೇಡ, ಕ್ಲೋರಿನ್‌ಗೆ ಸತ್ತೋಗತ್ತೆ, ಬೋರ್ ನೀರು ತಗೋ, ಕಲಸಿದ್ದನ್ನ ಅವತ್ತೇ ಮುಗಿಸು. ಆ ಫಾರ್ಮಿಕ್ ಆಸಿಡ್ ಕ್ಯಾನ್ ಮಾತ್ರ ವಾಪಸ್ ಕೊಟ್ಟುಬಿಡು. ಅದು ಕೆಲಸ ಮಾಡಲ್ಲ ಅಂತಲ್ಲ, ಮಾಡತ್ತೆ. ಹೆಬ್ಬಾಳದಲ್ಲಿ ಟ್ರೈನಿಂಗ್ ಹೋಗಿದ್ದಾಗ ಮೇಷ್ಟ್ರು ಹೇಳಿದ್ರು, ಹಸಿ ಮೇವಿಗೆ ಆಸಿಡ್ ಹಾಕಿ ಕಾಪಾಡೋ ವಿಧಾನಕ್ಕೇ ಫಿನ್ಲೆಂಡಿನ ವಿರ್ತನೆನ್ ಅನ್ನೋರಿಗೆ 1945ರಲ್ಲಿ ನೊಬೆಲ್ ಬಂತಂತೆ. ಅಲ್ಲಿ ಬಿಸಿಲಿಲ್ಲ, ಬಾಡಿಸಕ್ಕೆ ಆಗಲ್ಲ, ಅವರಿಗೆ ಬೇಕು. ನಮಗೆ ಬಿಸಿಲಿದೆ. ರಂಗಪ್ಪ ಬರಿಗೈಲಿ ಮುಟ್ಟಿದ್ರೆ ಚರ್ಮ ಸುಟ್ಟೋಗತ್ತೆ, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗತ್ತೆ, ಬೇಡ.

ಕುಯ್ದಿರೋದನ್ನ ರಾಶಿ ಹಾಕಿದೀಯಾ ಹೆಂಗೆ? ಹಾಕಿದ್ರೆ ಈಗ್ಲೇ ಎದ್ದು ಹರಡು, ಒಳಗೆ ಬಿಸಿ ಏರತ್ತೆ. ಬಿಸಿಲಿದ್ರೆ ಬಿಸಿಲಲ್ಲಿ, ಮಳೆ ಬಂದ್ರೆ ಶೆಡ್ಡಲ್ಲಿ ತೆಳ್ಳಗೆ. ಒಂದು ಹಿಡಿ ಕತ್ತರಿಸಿದ ಸೊಪ್ಪು ಗಟ್ಟಿಯಾಗಿ ಹಿಂಡು, ರಸ ತೊಟ್ಟಿಕ್ಕಿದ್ರೆ ಇನ್ನೂ ಹಸಿ, ರಸ ಬರದೆ ಉಂಡೆ ನಿಧಾನಕ್ಕೆ ಬಿಚ್ಕೊಂಡ್ರೆ ಸರಿಯಾಗಿದೆ. ಒಂದಿಂಚಿಗೆ ಕತ್ತರಿಸಿ ತುಳಿದು ತುಳಿದು ಗಾಳಿ ತೆಗೆದು ಅವತ್ತೇ ಬಾಯಿ ಕಟ್ಟು. ಮಣ್ಣು ಸೇರಿಸ್ಬೇಡ, ಬ್ಯಾಗಲ್ಲಿ ಇಲಿ ತೂತು ಇದ್ರೆ ಅವತ್ತೇ ಟೇಪ್ ಹಚ್ಚು, ಒಳಗೆ ಇಲಿ ಸತ್ತಿದ್ರೆ ಆ ಬ್ಯಾಗೇ ಬಿಸಾಕು, ಸತ್ತ ಪ್ರಾಣಿಲಿ ಬೆಳೆಯೋ ಬ್ಯಾಕ್ಟೀರಿಯಾ ವಿಷದಿಂದ ಬಾಟುಲಿಸಂ ಬಂದ್ರೆ ಹಸು ಉಳಿಯಲ್ಲ. 45 ದಿನ ಮುಟ್ಬೇಡ.

ಹಾಲಿನ ವಿಷಯ. ಬೂಷ್ಟು ಹಿಡಿದಿದ್ದು ಹಸುಗೆ ಹಾಕ್ಲೇಬೇಡ, ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಹಾಲಿಗೆ ಬರತ್ತೆ, ಕಾಯಿಸಿದ್ರೂ ಹೋಗಲ್ಲ. ಸರಿಯಾಗಿ ಹುಳಿ ಬಂದಿರೋ ಸೈಲೇಜ್ ತಿಂದ ಹಸು ಹಾಲಿಗೆ ಏನೂ ಭಯ ಇಲ್ಲ, ಕಾಯಿಸಿ ಮಕ್ಕಳಿಗೆ ಕೊಡು. ಹಾಲು ಕರೆದ ಮೇಲೆ ಸೈಲೇಜ್ ಹಾಕು, ಮುಂಚೆ ಹಾಕಿದ್ರೆ ಹಾಲಿಗೆ ವಾಸನೆ ಹತ್ತತ್ತೆ. ಗಬ್ಬದ ಹಸುಗೆ ಅನುಮಾನ ಇರೋ ಸೈಲೇಜ್ ಬೇಡವೇ ಬೇಡ, ಹುಳಿ ಬರದೇ ಇರೋದ್ರಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಇದ್ರೆ ಕಂದು ಹಾಕತ್ತೆ, ಅಂದ್ರೆ ಗರ್ಭ ಬಿದ್ದೋಗತ್ತೆ. ಹುಳಿ ಎಷ್ಟಿದೆ ಅಂತ ತೋರಿಸೋ ಪಿಎಚ್ ಪೇಪರ್ ತಗೊಂಡಿಟ್ಕೋ, ನಂಬರ್ ಇಳಿದಷ್ಟೂ ಹುಳಿ ಜಾಸ್ತಿ, ಬರೀ ಕುದುರೆಮಸಾಲೆಗೆ 4.5 ಹತ್ರ ಬಂದ್ರೆ ಸಾಕು, ಜೋಳ ಬೆರೆಸಿದ್ರೆ ಇನ್ನೂ ಇಳಿಯತ್ತೆ. ಬ್ಯಾಗ್ ಬಿಚ್ಚೋ ದಿನ ಆ ಪೇಪರ್ ಬಣ್ಣದ ಫೋಟೋ ಗ್ರೂಪಿಗೆ ಹಾಕು, ವಾಸನೆ ಹೇಗಿದೆ ಅಂತಾನೂ ಹೇಳು, ನಾನು ನೋಡಿ ಹೇಳೋವರೆಗೂ ಹಾಕ್ಬೇಡ.