ಪೆಟ್ರೋಲ್ ಲೀಡರ್‌ಗೆ ಹಾಜರಿ ಒಪ್ಪಿಸುವುದಷ್ಟೇ ಕೆಲಸವೇ?

ಹೊಸ ಸ್ಕೌಟ್ ಮೇಷ್ಟ್ರು:
ಪ್ರೌಢಶಾಲೆಯ ಸ್ಕೌಟ್ ದಳ. 24 ಹುಡುಗರು, ಮೂರು ಪೆಟ್ರೋಲ್ (ಎಂಟೆಂಟು ಹುಡುಗರ ತುಕಡಿ). ಲೀಡರ್, ಅವನ ಸಹಾಯಕನಾದ ಸೆಕೆಂಡ್ ಎಲ್ಲರೂ ಇದ್ದಾರೆ, ಜೇಬಿನ ಮೇಲೆ ಪಟ್ಟಿಯೂ ಇದೆ. ಆದರೆ ಸಾಲು ನಿಲ್ಲಿಸಿ ಹಾಜರಿ ಹೇಳುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವೇ ಇಲ್ಲ. ಯಾರಿಗೆ ಏನು ವಹಿಸಬೇಕು? ಕೋರ್ಟ್ ಆಫ್ ಆನರ್ (ಲೀಡರ್‌ಗಳು ಸೇರಿ ದಳದ ವಿಷಯ ತೀರ್ಮಾನಿಸುವ ಸಭೆ) ಹೇಗೆ ನಡೆಸುವುದು? ಲೀಡರನ್ನು ಹುಡುಗರೇ ಆರಿಸಬೇಕೋ, ನಾವು ನೇಮಿಸಬೇಕೋ?

ಹಗ್ಗ-ಗೂಟ:
ಮೇಷ್ಟ್ರೇ, 24 ಜನರಿಗೂ ನೀವೇ ನೇರವಾಗಿ ಹೇಳುತ್ತಿದ್ದರೆ ಲೀಡರ್‌ಗೆ ಉಳಿಯುವುದು ಹಾಜರಿ ಒಂದೇ. ಮುಂದಿನ ಮೀಟಿಂಗ್‌ನಿಂದ ಮೂರು ಸಣ್ಣ, ಒಂದು ಉದ್ದ ಸೀಟಿ ಊದಿ. ಅದು ಲೀಡರ್‌ಗಳನ್ನು ಮಾತ್ರ ಕರೆಯುವ ಸೀಟಿ. ವಿಷಯವನ್ನು ಆ ಮೂವರಿಗೇ ಹೇಳಿ ಕಳಿಸಿ. ಅವರು ತಮ್ಮ ತಮ್ಮ ಪೆಟ್ರೋಲ್ ಕಾರ್ನರ್‌ನಲ್ಲಿ, ಅಂದರೆ ಪೆಟ್ರೋಲ್ ಪ್ರತ್ಯೇಕವಾಗಿ ಸೇರುವ ಜಾಗದಲ್ಲಿ, ಉಳಿದವರಿಗೆ ಹೇಳಲಿ. ಮೊದಮೊದಲು ಅರ್ಧ ಮಾತು ದಾರಿಯಲ್ಲೇ ಕಳೆದುಹೋಗುತ್ತದೆ. ಆಗ ಮಧ್ಯೆ ಬಾಯಿ ಹಾಕಬೇಡಿ, ಲೀಡರನ್ನು ವಾಪಸ್ ಕರೆದು ಅವನಿಗೇ ಇನ್ನೊಮ್ಮೆ ಹೇಳಿ.

ಮೀಟಿಂಗ್‌ನಲ್ಲಿ ಇಪ್ಪತ್ತು ನಿಮಿಷವಾದರೂ ಕಾರ್ನರ್‌ಗೆ ಬಿಡಿ. ಪ್ರಥಮ ಸೋಪಾನದ (ಪ್ರವೇಶ ಮುಗಿದ ಮೇಲಿನ ಮೊದಲ ಹಂತದ) ಗಂಟುಗಳನ್ನು ಕಲಿಸುವವನು ಲೀಡರ್, ನೀವಲ್ಲ. ಅದಕ್ಕೆ ಹಿಂದಿನ ದಿನವೇ ಲೀಡರ್‌ಗಳನ್ನು ಮಾತ್ರ ಕೂರಿಸಿಕೊಂಡು ಕಲಿಸಿರಬೇಕು. ಇಷ್ಟು ಮಾಡದೆ ಜವಾಬ್ದಾರಿ ಕೊಟ್ಟರೆ ಹುಡುಗ ಎಲ್ಲರೆದುರು ತಡವರಿಸಿ ಮರ್ಯಾದೆ ಕಳೆದುಕೊಳ್ಳುತ್ತಾನೆ, ಆಮೇಲೆ ಅವನ ಮಾತು ಯಾರೂ ಕೇಳುವುದಿಲ್ಲ.

ಉಗ್ರಾಣಿ:
ಎಂಟು ಜನರ ಪೆಟ್ರೋಲ್‌ನಲ್ಲಿ ಎಂಟು ಕೆಲಸ ಇರಲೇಬೇಕು: ಲೀಡರ್, ಸೆಕೆಂಡ್, ಲಾಗ್ ಬರೆಯುವವನು, ಚಂದಾ ಲೆಕ್ಕ ಇಡುವವನು, ಸಾಮಾನು ನೋಡಿಕೊಳ್ಳುವ ಕ್ವಾರ್ಟರ್ ಮಾಸ್ಟರ್, ಪ್ರಥಮ ಚಿಕಿತ್ಸೆಯವನು, ಅಡುಗೆಯವನು, ಆಟ-ಹಾಡು ನೋಡಿಕೊಳ್ಳುವವನು. ಸೆಕೆಂಡ್ ಅಂದರೆ ಬರೀ ಬದಲಿ ಆಳಲ್ಲ. ಹೊಸಬರಿಗೆ ಪ್ರವೇಶದ ಪಾಠ ಹೇಳುವುದು ಅವನಿಗೇ ಸೇರಿದ್ದು ಅಂತ ಗೊತ್ತುಮಾಡಿ.

ಕ್ಯಾಂಪ್‌ನಲ್ಲಿ ಎಡವುವುದು ಹೆಚ್ಚಾಗಿ ಕ್ವಾರ್ಟರ್ ಮಾಸ್ಟರ್. ಸಾಮಾನು ಕೊಡುವಾಗ ಎಣಿಸುತ್ತಾನೆ, ವಾಪಸ್ ತೆಗೆದುಕೊಳ್ಳುವಾಗ ಎಣಿಸುವುದಿಲ್ಲ. ಟೆಂಟ್ ಚೀಲಕ್ಕೆ ಒಂದು ರಟ್ಟು ಕಟ್ಟಿ, ಗೂಟ ಎಷ್ಟು, ಹಗ್ಗ ಎಷ್ಟು, ಕಂಬ ಎಷ್ಟು ಎಂದು ಅದರ ಮೇಲೆ ಬರೆಸಿ. ಒದ್ದೆ ಟೆಂಟನ್ನು ಹಾಗೇ ಮಡಿಸಿಟ್ಟರೆ ಬೂಷ್ಟು ಹಿಡಿದು ಬಟ್ಟೆ ಲಡ್ಡಾಗುತ್ತದೆ. ಮಳೆಯಲ್ಲಿ ಬಿಚ್ಚಿ ತಂದದ್ದನ್ನು ಮರುದಿನವೇ ಶಾಲೆಯ ವರಾಂಡದಲ್ಲಿ ಹರಡಿಸಿ ಒಣಗಿಸುವುದೂ ಅವನದೇ ಹೊಣೆ.

ದಿನಸಿ ಪಟ್ಟಿ ಅಡುಗೆಯವನೇ ಬರೆಯಲಿ. ಎಂಟು ಹುಡುಗರ ಒಂದು ಊಟಕ್ಕೆ ಒಂದು ಕೆ.ಜಿ. ಅಕ್ಕಿ, 300 ಗ್ರಾಂ ತೊಗರಿಬೇಳೆ ಹಿಡಿದರೆ ಸರಿಹೋಗುತ್ತದೆ. ಸೌದೆ, ನೀರು, ಪಾತ್ರೆ ತೊಳೆಯುವ ಸರದಿಯನ್ನು ಮಾತ್ರ ದಿನಾ ಬದಲಿಸಿ, ಲೀಡರ್ ಹೆಸರೂ ಆ ಸರದಿಯಲ್ಲಿ ಇರಲಿ. ಪಾತ್ರೆ ತೊಳೆಯದ ಲೀಡರ್ ಎರಡನೇ ದಿನಕ್ಕೇ ಮೇಸ್ತ್ರಿ ಆಗಿಬಿಡುತ್ತಾನೆ.

ಮೈದಾನದ ಮೂಲೆ:
ಕೋರ್ಟ್ ಆಫ್ ಆನರ್ ಬಗ್ಗೆ: ಟ್ರೂಪ್ ಲೀಡರ್ (ಇಡೀ ದಳಕ್ಕೆ ಲೀಡರ್ ಆದ ಹುಡುಗ) ಇದ್ದರೆ ಅವನೇ ಅಧ್ಯಕ್ಷ, ಇಲ್ಲದಿದ್ದರೆ ಹಿರಿಯ ಪೆಟ್ರೋಲ್ ಲೀಡರ್. ನೀವು ಕೂರುವುದು ಸಲಹೆಗಾರರಾಗಿ. ಅದಕ್ಕೆ ಮೊದಲು ಪ್ರತಿ ಪೆಟ್ರೋಲ್ ತನ್ನದೇ ಸಭೆ ಸೇರಿ, ಏನು ಬೇಕು, ಏನು ಬೇಡ ಎಂದು ಲೀಡರ್‌ಗೆ ಹೇಳಿ ಕಳಿಸಬೇಕು. ಆ ಹಂತ ತಪ್ಪಿಸಿದರೆ ಲೀಡರ್ ಅಲ್ಲಿ ಬಂದು ತನಗೆ ತೋಚಿದ್ದನ್ನೇ ಮಾತಾಡುತ್ತಾನೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಹಿಂದಿನ ನಡಾವಳಿ ಓದಿ, ಹಣದ ಲೆಕ್ಕ ಒಪ್ಪಿಸಿ, ಮುಂದಿನ ತಿಂಗಳ ಕಾರ್ಯಕ್ರಮ ಗೊತ್ತುಮಾಡಿ. ಶಿಸ್ತಿನ ವಿಷಯ ಬಂದರೆ ಅಲ್ಲಿ ಆಡಿದ್ದು ಹೊರಗೆ ಹೋಗಬಾರದು. ಕಾರ್ಯಕ್ರಮಕ್ಕೆ ಖರ್ಚು ಎಲ್ಲಿಂದ, ಅಪಾಯ ಏನು ಎಂದು ಕೇಳಿ, ಆದರೆ ತೀರ್ಮಾನ ಅವರಿಗೆ ಬಿಡಿ. ಈಜು, ಬೆಂಕಿ, ಪ್ರಯಾಣ, ಪೋಷಕರ ಒಪ್ಪಿಗೆ ಪತ್ರ, ಇವು ಮಾತ್ರ ಯಾವತ್ತೂ ನಿಮ್ಮ ಹೊಣೆ. ಹುಡುಗರ ತಲೆಗೆ ಕಟ್ಟುವಂತಿಲ್ಲ.

ಹಗ್ಗ-ಗೂಟ:
ಆಯ್ಕೆ ವಿಚಾರ ಬಿಟ್ಟುಹೋಯಿತು. ಬರೀ ಓಟು ಹಾಕಿಸಿದರೆ ಜೋರು ಬಾಯಿಯವನು ಗೆಲ್ಲುತ್ತಾನೆ, ನೀವೇ ನೇಮಿಸಿದರೆ ಫಸ್ಟ್ ರ‍್ಯಾಂಕಿನವನು ಬರುತ್ತಾನೆ. ಪೆಟ್ರೋಲ್‌ನವರನ್ನು ಒಬ್ಬೊಬ್ಬರಾಗಿ ಕೇಳಿ, ಕೋರ್ಟ್ ಆಫ್ ಆನರ್‌ನಲ್ಲಿ ಚರ್ಚಿಸಿ, ಆಮೇಲೆ ನೇಮಿಸಿ.

ಮೈದಾನದ ಮೂಲೆ:
ಇದನ್ನು ಅರ್ಧ ಒಪ್ಪುತ್ತೇನೆ. ಹೊಸ ದಳದಲ್ಲಿ ಯಾರು ಹೇಗೆ ಅಂತ ಹುಡುಗರಿಗೂ ಗೊತ್ತಿರುವುದಿಲ್ಲ, ಆಗ ಎರಡು ತಿಂಗಳ ಮಟ್ಟಿಗೆ ತಾತ್ಕಾಲಿಕ ಲೀಡರ್ ಮಾಡಿ ನೋಡುವುದು ಮೇಲು.

ಹೊಸ ಸ್ಕೌಟ್ ಮೇಷ್ಟ್ರು:
ಮೂವರು ಲೀಡರ್‌ಗಳೂ ಹತ್ತನೇ ಕ್ಲಾಸು. ಲೀಡರ್ ಮಾತು ಕೇಳದವನನ್ನು ಗ್ರೌಂಡ್ ಸುತ್ತ ಓಡಿಸುತ್ತಿದ್ದಾರೆ, ಅದು ಸರಿಯೇ?

ಉಗ್ರಾಣಿ:
ಖಂಡಿತ ಬೇಡ ಸರ್, ಇವತ್ತೇ ನಿಲ್ಲಿಸಿ. ಶಿಕ್ಷೆ ಕೊಡುವ ಅಧಿಕಾರ ಲೀಡರ್‌ಗೆ ಇಲ್ಲ. ಮಾತು ಕೇಳದವನಿಗೆ ಪೆಟ್ರೋಲ್‌ನಲ್ಲಿ ಸ್ವಂತ ಕೆಲಸ ಇದೆಯಾ ನೋಡಿ, ಬಹಳ ಸಲ ಇರುವುದಿಲ್ಲ. ಆಗಲೂ ಸರಿಹೋಗದಿದ್ದರೆ ಕೋರ್ಟ್ ಆಫ್ ಆನರ್ ಇದೆ. ಹತ್ತನೆಯವರು ಜನವರಿಯಿಂದ ಪರೀಕ್ಷೆ ತಯಾರಿಗೆ ಬೀಳುತ್ತಾರೆ, ಹಾಗಾಗಿ ಡಿಸೆಂಬರ್ ಒಳಗೆ ಒಂಬತ್ತನೇ ಕ್ಲಾಸಿನ ಸೆಕೆಂಡ್‌ಗಳಿಗೆ ಒಂದು ಪೂರ್ತಿ ಮೀಟಿಂಗ್ ನಡೆಸಲು ಬಿಡಿ. ಲಾಗ್ ಪುಸ್ತಕ, ಲೆಕ್ಕದ ಪುಸ್ತಕ, ಉಗ್ರಾಣದ ಬೀಗದ ಕೈ ಮೂರನ್ನೂ ಎಲ್ಲರೆದುರೇ ಹಸ್ತಾಂತರಿಸಿ, ಇಬ್ಬರ ಸಹಿ ಹಾಕಿಸಿ.